ನಿಘೋಜಿನ ಬಂಡೆಕುಂಡಗಳಿಗೆ ಒಂದು ದಿನದ ಪ್ರವಾಸ: ಚಿಕ್ಕ ಗುಂಪು, ಜೊತೆಗೆ ಮಾರ್ಗದರ್ಶಿ. ಹೋಗಿಬಂದವರು ಹೇಳಿ

ಕೊತ್ರೂಡ್‌ವಾಸಿ

ಪುಣೆಯ ಕನ್ನಡಿಗರೆಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪ, ಅವ್ವ ಇಂಡಿಯಿಂದ ಬರುತ್ತಿದ್ದಾರೆ. ಶನಿವಾರವಾಡೆ, ಸಿಂಹಗಡ, ದಗಡೂಶೇಠ್ ಗಣಪತಿ ಎಲ್ಲವೂ ಹಿಂದಿನ ಭೇಟಿಗಳಲ್ಲಿಯೇ ಆಗಿವೆ. ಈ ಸಲ ಅಪ್ಪ ಮೊದಲೇ ಹೇಳಿಬಿಟ್ಟಿದ್ದಾರೆ: "ಗುಡಿ, ಗಡ ಸಾಕು. ಅಲ್ಲಿಯ ನೆಲ ತೋರಿಸು." ಜೀವನವಿಡೀ ಹೊಲಗಳಲ್ಲಿ ಬಾವಿ ತೋಡಿಸಿದವರು ಅವರು. ಬಂಡೆ ಕಂಡರೆ ಕೈಯಿಂದ ಸವರದೆ ಮುಂದೆ ಹೋಗುವವರಲ್ಲ.

ಹುಡುಕುತ್ತಿದ್ದಾಗ ನಿಘೋಜ್ ಪ್ರವಾಸದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಅಲ್ಲಿ ಕುಕಡಿ ನದಿ ಬಂಡೆಯಲ್ಲಿ ಕೊರೆದ ಆಳವಾದ ಗುಂಡಿಗಳಿವೆಯಂತೆ. ಹನ್ನೆರಡು ಆಸನಗಳ ಟೆಂಪೋ ಟ್ರಾವೆಲರ್, ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಐದರೊಳಗೆ ವಾಪಸು. ತಿಂಡಿ, ಊಟ ಸೇರಿ ತಲೆಗೆ 1,800 ರೂಪಾಯಿ. ಬಂಡೆಗಳ ಬಗ್ಗೆ ವಿವರಿಸಲು ಮಾರ್ಗದರ್ಶಿ ಇರುತ್ತಾರಂತೆ, ಮರಾಠಿ ಮತ್ತು ಹಿಂದಿಯಲ್ಲಿ. ಮೂವರಿಗೆ ಐದು ಸಾವಿರಕ್ಕೂ ಹೆಚ್ಚು ಆಗುತ್ತದೆ. ಸ್ವಂತ ಕಾರಿನಲ್ಲಿ ಹೋದರೆ ಪೆಟ್ರೋಲು, ಊಟ ಸೇರಿದರೂ ಅಷ್ಟಾಗುವುದಿಲ್ಲ. ಹಣ ಕೊಡುವುದು ನಿಜವಾಗಿ ಮಾರ್ಗದರ್ಶಿಗೆ. ಆ ಮನುಷ್ಯನಿಂದ ನಮಗೆ ಸಿಗುವುದೇನು ಎಂಬುದೇ ನನ್ನ ಪ್ರಶ್ನೆ. ಅವ್ವನಿಗೆ ಮೊಣಕಾಲು ನೋವು ಇದೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ರಾಂಜಣಗಾಂವ್ ಪಾಳಿ

ಅಕ್ಕ, ನಾನು ರಾಂಜಣಗಾಂವ್ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುವವನು, ಇರುವುದು ಶಿರೂರಿನಲ್ಲಿ. ಊರಿನಿಂದ ಯಾರೇ ಬಂದರೂ ನಿಘೋಜಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿಯೇ ಆಗಿದೆ. ಮಾರ್ಗದರ್ಶಿ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಪುಣೆ–ನಗರ ರಸ್ತೆ ಹಿಡಿದು ವಾಘೋಲಿ, ಶಿಕ್ರಾಪುರ, ರಾಂಜಣಗಾಂವ್ ದಾಟಿ ಶಿರೂರಿಗೆ ಬನ್ನಿ. ಅಲ್ಲಿಂದ ಇನ್ನೂ ಇಪ್ಪತ್ತು ಚಿಲ್ಲರೆ ಕಿ.ಮೀ. ಕಾರು ಇಲ್ಲದವರಿಗೆ ವಾಕಡೇವಾಡಿಯ ನಿಲ್ದಾಣದಿಂದ ಎಸ್.ಟಿ. ಬಸ್ಸು ಇದೆ, ಶಿರೂರಿನಲ್ಲಿ ಇಳಿದು ಬೇರೆ ವಾಹನ ಹಿಡಿಯಬೇಕು. ಕುಕಡಿ ನದಿಯೇ ಅಲ್ಲಿ ಜಿಲ್ಲೆಯ ಗಡಿ: ಈಚೆ ದಂಡೆಯಲ್ಲಿ ಪುಣೆ ಜಿಲ್ಲೆಯ ಟಾಕಳಿ ಹಾಜಿ, ಆಚೆ ಅಹಿಲ್ಯಾನಗರ ಜಿಲ್ಲೆಯ ನಿಘೋಜ್. ಊರಿನ ಜನ ಇದನ್ನು ಕುಂಡ ಅಥವಾ ರಾಂಜಣಖಳಗೆ ಎನ್ನುತ್ತಾರೆ. ಮಳಗಂಗಾ ದೇವಿಯ ಗುಡಿ ಕೇಳಿದರೆ ಚಿಕ್ಕ ಮಕ್ಕಳೂ ದಾರಿ ತೋರಿಸುತ್ತಾರೆ. ನದಿ ಕಣ್ಣಮುಂದೆಯೇ ಇರುತ್ತದೆ, ಟಿಕೆಟ್ಟು ತೆಗೆದು ಒಳಗೆ ಹೋಗಬೇಕಾದ ವಸ್ತುಸಂಗ್ರಹಾಲಯವಲ್ಲ ಅದು. ಆ ಹಣದಲ್ಲಿ ಅಪ್ಪ, ಅವ್ವನಿಗೆ ಒಳ್ಳೆಯ ಊಟ ಹಾಕಿಸಿ.

ಹಡಪಸರ್ ಹಳಬ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಯಾವುದೋ ಒಂದು ಗುಂಪು ಸಿಕ್ಕಿತೆಂದು ಹೋಗುವುದನ್ನೂ ಒಪ್ಪುವುದಿಲ್ಲ.

ಒಮ್ಮೆ ಕಂಪನಿಯ ವತಿಯಿಂದ ದೊಡ್ಡ ಬಸ್ಸಿನಲ್ಲಿ ನಿಘೋಜಿಗೆ ಹೋಗಿದ್ದೆ. ಬಸ್ಸಿನ ತುಂಬ ಜನ. ಮಾರ್ಗದರ್ಶಿ ಎಂದು ಬಂದ ಹುಡುಗ ಗುಡಿಯ ಹತ್ತಿರ ನಿಂತು ಧ್ವನಿವರ್ಧಕದಲ್ಲಿ ಎರಡು ಮಾತು ಹೇಳಿ, "ಮುಕ್ಕಾಲು ಗಂಟೆ ಸಮಯವಿದೆ" ಎಂದು ಕಳಿಸಿಬಿಟ್ಟ. ಅರ್ಧ ಜನ ಅಂಚಿನಲ್ಲಿ ನಿಂತು ಮೊಬೈಲ್ ಹಿಡಿದರು, ಇನ್ನರ್ಧ ಜನ ನೆರಳು ಹುಡುಕಿದರು. ಒಬ್ಬ ಹುಡುಗ ಪಾಚಿಯ ಮೇಲೆ ಜಾರಿ ಬಿದ್ದು ಮಂಡಿ ತರಚಿಕೊಂಡ. ಆ ಗುಂಡಿಗಳು ಹೇಗಾದವು ಎಂದು ಬಸ್ಸಿನಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಅವರೊಬ್ಬರದೇ ದೋಷ ಇದಲ್ಲ.

ನಂತರ ಹೆಂಡತಿಯ ಜೊತೆ ಎಂಟು ಜನರ ಗುಂಪಿನಲ್ಲಿ ಹೋದೆ. ಕರೆದುಕೊಂಡು ಹೋದವರು ನಿವೃತ್ತ ಉಪನ್ಯಾಸಕರು. ನದಿಯ ದಡಕ್ಕೆ ಬಂದ ಮೇಲೆ ಅವರು ದೊಡ್ಡ ಕುಂಡಗಳ ಕಡೆಗೆ ಹೋಗಲೇ ಇಲ್ಲ. ದಂಡೆಯ ಮೇಲಿದ್ದ, ಬೊಗಸೆಯಷ್ಟು ಆಳದ ಒಂದು ಗುಂಡಿಯ ಸುತ್ತ ನಮ್ಮನ್ನೆಲ್ಲ ಕೂರಿಸಿದರು. ಅದರ ತಳದಲ್ಲಿ ಸ್ವಲ್ಪ ಮರಳು, ನಾಲ್ಕಾರು ಉರುಟು ಕಲ್ಲುಗಳು. "ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ" ಎಂದರು. ಸವರಿದೆವು. ಮೇಲಿನ ಬಂಡೆ ದೊರಗು, ಒಳಗೋಡೆ ನುಣುಪು, ಆ ನುಣುಪಿನಲ್ಲಿ ಸುತ್ತುಸುತ್ತಾಗಿ ಇಳಿಯುವ ಸಣ್ಣ ಗೀರುಗಳು. "ಈಗ ಹೇಳಿ, ಇದನ್ನು ಕೊರೆದ ಉಳಿ ಎಲ್ಲಿದೆ?" ಎಂದು ಕೇಳಿದರು. ನನ್ನ ಹೆಂಡತಿ ತಳದ ಕಲ್ಲೊಂದನ್ನು ಎತ್ತಿ ತೋರಿಸಿದಳು. ಮೇಷ್ಟ್ರ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ಅದಾದ ಮೇಲೆಯೇ ದೊಡ್ಡ ಕುಂಡಗಳನ್ನು ತೋರಿಸಿದ್ದು. ಮೊದಲ ಸಲ ನೋಡಿದ ಅದೇ ಜಾಗವನ್ನು ನಾನು ಆಗ ಹೊಸದಾಗಿ ನೋಡಿದೆ.

ಕೊತ್ರೂಡ್‌ವಾಸಿ

ಹಡಪಸರ್ ಅವರೇ, ಇಂತಹದ್ದೇ ಬೇಕಿತ್ತು. ಒಂದು ಸಂದೇಹ: ನದಿಯ ನೀರು ಎಲ್ಲ ಬಂಡೆಗಳ ಮೇಲೂ ಹರಿಯುತ್ತದೆ. ನಿಘೋಜಿನಲ್ಲಿಯೇ ಏಕೆ ಇಷ್ಟು ಕುಂಡಗಳು? ಅಪ್ಪ ಕೇಳಿಯೇ ಕೇಳುತ್ತಾರೆ.

ಕಲ್ಲುಪಾಠ

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ, ಮೂಲ ಧಾರವಾಡ. ಪ್ರಶ್ನೆ ಒಳ್ಳೆಯದು, ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಪುಣೆಯ ಸುತ್ತಲಿನ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಮತ್ತೆ ಮತ್ತೆ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಅದು ಹೊದ್ದುಕೊಂಡಿದೆ. ಪಶ್ಚಿಮ ಘಟ್ಟದಲ್ಲಿ ಈ ಪದರಗಳ ಒಟ್ಟು ದಪ್ಪ 2 ಕಿ.ಮೀ.ಗೂ ಮೀರುತ್ತದೆ. ಎಲ್ಲೋರದ ಕೈಲಾಸನಾಥ ದೇಗುಲವನ್ನು ರಾಷ್ಟ್ರಕೂಟರು ಮೇಲಿನಿಂದ ಕೆಳಕ್ಕೆ ಕಡೆದದ್ದು ಈ ಕಲ್ಲಿನಲ್ಲಿಯೇ. ಗೋಳಗುಮ್ಮಟ ಕಟ್ಟಿದ್ದೂ ಇದೇ ಕಲ್ಲಿನಿಂದ. ಇಂಡಿಯ ಬಾವಿಗಳೂ ಈ ಲಾವಾ ಪದರಗಳಲ್ಲಿಯೇ ಇಳಿದಿವೆ. ಹಾಗಾಗಿ ನಿಮ್ಮ ತಂದೆಯವರಿಗೆ ನಿಘೋಜಿನ ಬಂಡೆ ಅಪರಿಚಿತವಲ್ಲ. ಗಟ್ಟಿ ಕಲ್ಲು ಮುಗಿದು ರಂಧ್ರಗಳಿರುವ ಕಲ್ಲು ಬರುವುದು, ನಡುವೆ ಕೆಂಪು ಪದರ ಸಿಗುವುದು, ಬಿರುಕು ಕಂಡಲ್ಲಿ ನೀರಿನ ಆಸೆ ಹುಟ್ಟುವುದು, ಇವೆಲ್ಲವನ್ನೂ ಅವರು ಕೈಯಾರೆ ಕಂಡಿರುತ್ತಾರೆ.

ಈಗ ಕುಂಡದ ವಿಷಯ. ಲಾವಾ ಆರುವಾಗ ಒಳಗಿದ್ದ ಅನಿಲ ಗುಳ್ಳೆಗಳಾಗಿ ಉಳಿಯುತ್ತದೆ. ಜೊತೆಗೆ ಆರುತ್ತಾ ಕುಗ್ಗುವ ಕಲ್ಲಿನಲ್ಲಿ ಬಿರುಕುಗಳಾಗುತ್ತವೆ. ನದಿ ಇಂತಹ ದುರ್ಬಲ ಜಾಗಗಳನ್ನು ಮೊದಲು ಹಿಡಿಯುತ್ತದೆ. ಒಂದು ಸಣ್ಣ ತಗ್ಗಾದರೆ ಸಾಕು, ಪ್ರವಾಹದ ನೀರು ಅಲ್ಲಿ ಸುಳಿಯಾಗುತ್ತದೆ. ಸುಳಿಯೊಳಗೆ ಸಿಕ್ಕ ಕಲ್ಲುಗಳು, ಮರಳು ಗರಗರನೆ ತಿರುಗಿ ತಳವನ್ನೂ ಬದಿಗಳನ್ನೂ ಉಜ್ಜುತ್ತವೆ. ನಮ್ಮ ನದಿಗಳಲ್ಲಿ ಅಗೇಟ್, ಕ್ಯಾಲ್ಸೆಡೊನಿ ಕಲ್ಲುಗಳು ಹೇರಳ. ಅವು ಬಸಾಲ್ಟಿನ ಗುಳ್ಳೆಗಳೊಳಗೇ ಬೆಳೆದವು, ಆದರೆ ಬಸಾಲ್ಟಿಗಿಂತ ಗಟ್ಟಿ. ಬಂಡೆಯನ್ನು ಸವೆಸುವ ಉಳಿ ಆ ಬಂಡೆಯ ಹೊಟ್ಟೆಯಿಂದಲೇ ಬಂದದ್ದು ಎಂದು ತಿಳಿದ ದಿನ ನನ್ನ ವಿದ್ಯಾರ್ಥಿಗಳು ನಿಘೋಜನ್ನು ಬಿಟ್ಟು ಏಳಲು ಒಪ್ಪಲಿಲ್ಲ.

ನದಿಯ ಪಾತ್ರ ಕಿರಿದಾಗಿ, ಇಳಿಜಾರು ಸಿಕ್ಕಿ, ನೀರಿಗೆ ವೇಗ ಬಂದಲ್ಲಿ ಈ ಕೆಲಸ ಬಿರುಸಾಗುತ್ತದೆ. ನಿಘೋಜಿನಲ್ಲಿ ಎಲ್ಲವೂ ಕೂಡಿಬಂದಿವೆ. ಒಂದೊಂದು ಕುಂಡವೂ ಹರವಿಯ ಹಾಗೆ, ಬಾಯಿ ಕಿರಿದು, ಹೊಟ್ಟೆ ಅಗಲ. ಪಕ್ಕಪಕ್ಕದ ಎರಡು ಕುಂಡಗಳು ಅಗಲವಾಗುತ್ತಾ ನಡುವಿನ ಗೋಡೆ ತೆಳುವಾಗಿ ಒಡೆಯುತ್ತದೆ. ಮೇಲೆ ಕಮಾನು ಉಳಿಯಬಹುದು, ಇಲ್ಲವೇ ಕತ್ತಿಯ ಅಲಗಿನಂತಹ ಏಣು. ಹೀಗೆ ಕುಂಡಗಳು ಒಂದರೊಳಗೊಂದು ಕೂಡುತ್ತಾ ಹೋಗಿ ನದಿಗೆ ಆಳವಾದ ಕಮರಿಯೇ ಆಗಿದೆ. ಅಲ್ಲಿ ನಿಂತಾಗ ಮೂರು ಹಂತಗಳನ್ನೂ ಹುಡುಕಿ: ದಂಡೆಯ ಮೇಲಿನ ಎಳೆಯ ಗುಂಡಿ, ಬಲಿತ ಕುಂಡ, ಒಡೆದು ಕೂಡಿಕೊಂಡ ಕುಂಡಗಳು. ಮಾರ್ಗದರ್ಶಿ ಇವುಗಳನ್ನು ತೋರಿಸಬಲ್ಲರಾದರೆ 1,800 ಹೆಚ್ಚಲ್ಲ.

ಅಂಧೇರಿ ಪಶ್ಚಿಮ

ಮುಂಬಯಿಯಿಂದ ನನ್ನದೊಂದು ಮಾತು. ಲಾವಾ ಎಂದಾಗಲೆಲ್ಲ ನಮ್ಮ ಗಿಲ್ಬರ್ಟ್ ಹಿಲ್ ನೆನಪಾಗಬೇಕು, ಯಾರಿಗೂ ಆಗುವುದಿಲ್ಲ. ಅಂಧೇರಿಯ ಕಟ್ಟಡಗಳ ನಡುವೆ ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟ್ ಬಂಡೆ, ನೆಟ್ಟಗೆ ನಿಂತ ಕಂಬಗಳ ಸಾಲು. ಮೆಟ್ಟಿಲು ಹತ್ತಿದರೆ ಮೇಲೆ ಗಾವದೇವಿಯ ಗುಡಿ. ಸುತ್ತಲಿನ ಗುಡ್ಡವನ್ನೆಲ್ಲ ಕಲ್ಲುಗಣಿಗಾರಿಕೆ ತಿಂದುಹಾಕಿತು, ಇದೊಂದು ಉಳಿಯಿತು. ನಾನು ಉಡುಪಿಯವನು, ಮಲ್ಪೆಯ ತೋನ್ಸೆಪಾರಿನ (ಸೇಂಟ್ ಮೇರೀಸ್ ದ್ವೀಪದ) ಕಂಬಗಲ್ಲುಗಳನ್ನು ನೋಡುತ್ತಾ ಬೆಳೆದವನು. ಎರಡೂ ಒಂದೇ ಲಾವಾದಿಂದ ಆದವೇ ಮೇಡಂ?

ಕಲ್ಲುಪಾಠ

ಅಲ್ಲ. ಕಂಬಗಳಾಗುವ ಬಗೆ ಒಂದೇ: ಲಾವಾ ನಿಧಾನವಾಗಿ ಆರಿ ಕುಗ್ಗುವಾಗ ಬಹುಭುಜಾಕೃತಿಯಲ್ಲಿ ಬಿರುಕು ಬಿಟ್ಟು, ಆ ಬಿರುಕುಗಳು ಕೆಳಗಿಳಿಯುತ್ತವೆ. ಆದರೆ ತೋನ್ಸೆಪಾರಿನ ಕಲ್ಲು ಬಸಾಲ್ಟ್ ಅಲ್ಲ, ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾ. ವಯಸ್ಸೂ ಹೆಚ್ಚು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ್ದು. ಗಿಲ್ಬರ್ಟ್ ಹಿಲ್ ಡೆಕ್ಕನ್ ಲಾವಾದ, ಅಂದರೆ ನಾನು ಮೇಲೆ ಹೇಳಿದ ಪುಣೆ ಸುತ್ತಲಿನ ಲಾವಾದ, ಕುಟುಂಬಕ್ಕೆ ಸೇರಿದ್ದು. ಎರಡನ್ನೂ ನೋಡಿರುವ ನಿಮ್ಮಂತಹವರು ಗುಂಪು ಕಟ್ಟಿಕೊಂಡು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಅರ್ಧ ದಿನ ಸಾಕು, ಮೆಟ್ರೋದಲ್ಲಿ ಇಳಿದು ರಿಕ್ಷಾ ಹಿಡಿದರಾಯಿತು.

ರಾಂಜಣಗಾಂವ್ ಪಾಳಿ

ಮೇಡಂ ಬರೆದದ್ದನ್ನು ಓದಿದ ಮೇಲೆ ಒಂದನ್ನಂತೂ ಒಪ್ಪುತ್ತೇನೆ: ನನ್ನ ನೆಂಟರಿಗೆ ನಾನು ಇಷ್ಟನ್ನು ಹೇಳಿರಲಿಲ್ಲ. ಆದರೂ ಈಗ ಇಲ್ಲಿಯೇ ಎಲ್ಲವೂ ಬರಹದಲ್ಲಿ ಸಿಕ್ಕಿದೆಯಲ್ಲ. ಇದನ್ನು ಅಪ್ಪನಿಗೆ ಓದಿಸಿ ಸ್ವಂತ ಕಾರಿನಲ್ಲಿ ಕರೆದುಕೊಂಡು ಹೋದರೆ ಅಕ್ಕನೇ ಮಾರ್ಗದರ್ಶಿ. ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಏಳಿ ಎಂದು ಯಾರೂ ಅವಸರಪಡಿಸುವುದಿಲ್ಲ.

ಹಡಪಸರ್ ಹಳಬ

ತಮ್ಮ, ಕಲ್ಲಿನ ವಿಚಾರಕ್ಕೆ ನಿಮ್ಮ ಮಾತು ಸರಿ. ನೀರಿನ ವಿಚಾರಕ್ಕೆ ಸರಿಯಲ್ಲ. ನೀವು ಆ ಕಡೆಯಲ್ಲೇ ಇರುವವರು, ನದಿಯಲ್ಲಿ ನೀರು ಯಾವಾಗ ಏರುತ್ತದೆ ಎಂಬುದು ನಿಮಗೆ ಗೊತ್ತು. ಕೊತ್ರೂಡಿನಿಂದ ಬರುವವರಿಗೆ ಅದು ಹೇಗೆ ತಿಳಿಯಬೇಕು?

ಭೀಮಾತೀರ

ಅದನ್ನೇ ಹೇಳಬೇಕೆಂದಿದ್ದೆ. ನಾನು ನೀರಾವರಿ ಕೆಲಸದಲ್ಲಿ ಇದ್ದವನು. ಕುಕಡಿ ಹುಟ್ಟುವುದು ಜುನ್ನರ್ ತಾಲ್ಲೂಕಿನಲ್ಲಿ, ನಾಣೇಘಾಟದ ಕಡೆ. ನಿಘೋಜಿಗೆ ಬರುವ ಮೊದಲು ಅದರ ಮೇಲೆ ಮಾಣಿಕಡೋಹ, ಯೇಡಗಾಂವ್ ಅಣೆಕಟ್ಟುಗಳಿವೆ. ಆದ್ದರಿಂದ ನಿಘೋಜಿನಲ್ಲಿ ನೀರು ಎಷ್ಟಿದೆ ಎಂಬುದನ್ನು ಆಕಾಶ ನೋಡಿ ಹೇಳಲಾಗುವುದಿಲ್ಲ. ಬಿಸಿಲು ಇದ್ದ ದಿನವೂ ಮೇಲಿನಿಂದ ನೀರು ಬಿಟ್ಟಿದ್ದರೆ ಕಮರಿ ತುಂಬಿ ಹರಿಯುತ್ತದೆ. ಮಳೆಗಾಲದಲ್ಲಿ ಕುಂಡಗಳು ಕಾಣುವುದೇ ಇಲ್ಲ, ಕಾಣುವುದು ಕೆಂಪು ನೀರು ಮಾತ್ರ. ಡಿಸೆಂಬರ್, ಜನವರಿ, ಫೆಬ್ರವರಿ ಒಳ್ಳೆಯ ಸಮಯ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಡಿಮೆ ಇದ್ದರೂ ಆ ಕಪ್ಪು ಬಂಡೆಯ ಮೇಲೆ ಹತ್ತು ಗಂಟೆಯ ನಂತರ ಕಾಲಿಡಲಾಗುವುದಿಲ್ಲ.

ನೀರು ನಿಂತಂತೆ ಕಂಡರೂ ಕುಂಡಕ್ಕೆ ಇಳಿಯಬಾರದು. ಮೇಲಿನಿಂದ ಮೊಣಕಾಲು ಆಳ ಎನಿಸಿದ್ದು ಒಳಗೆ ಎರಡಾಳು ಇರಬಹುದು. ಗೋಡೆ ನುಣುಪು, ಬಾಯಿ ಕಿರಿದು, ಹಿಡಿದು ಮೇಲೆ ಬರಲು ಆಸರೆಯೇ ಸಿಗುವುದಿಲ್ಲ. ಈಜು ಬಲ್ಲೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಮಾತನ್ನು ಗುಂಪು ವಾಹನದಿಂದ ಇಳಿಯುವ ಮೊದಲೇ ಹೇಳದ ಮಾರ್ಗದರ್ಶಿ ಎಷ್ಟೇ ತಿಳಿದವರಾದರೂ ನನ್ನ ಲೆಕ್ಕದಲ್ಲಿ ಮಾರ್ಗದರ್ಶಿಯಲ್ಲ.

ಕೊತ್ರೂಡಿನವರಿಗೆ ಇನ್ನೊಂದು ಮಾತು. ಕುಕಡಿ ಹೋಗಿ ಘೋಡ್ ನದಿಯನ್ನು ಸೇರುತ್ತದೆ, ಘೋಡ್ ಭೀಮೆಯನ್ನು ಸೇರುತ್ತದೆ. ಭೀಮೆ ನಿಮ್ಮ ಇಂಡಿ ತಾಲ್ಲೂಕಿನ ಅಂಚಿಗೇ ಬರುತ್ತದೆ. ನಿಘೋಜಿನ ಕುಂಡಗಳನ್ನು ಉಜ್ಜಿದ ನೀರು ನಿಮ್ಮೂರ ಕಡೆಗೆ ಇಳಿದು ಬಂದದ್ದೇ. ತಂದೆಯವರಿಗೆ ಇದನ್ನು ತಪ್ಪದೆ ತಿಳಿಸಿ, ಹೊಳೆಯನ್ನು ನೋಡುವ ಅವರ ಕಣ್ಣೇ ಬೇರೆಯಾಗುತ್ತದೆ.

ಕೊತ್ರೂಡ್‌ವಾಸಿ

ಇದನ್ನು ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮಾತನಾಡಿದರು, ಹೆಚ್ಚಿನದೆಲ್ಲ ಕೆಂಪು ಪದರದ ಬಗ್ಗೆ. ಬಾವಿ ತೋಡುವಾಗ ಆ ಪದರ ಸಿಕ್ಕರೆ ಅಂಚು ಕುಸಿಯುತ್ತದೆಂದು ಕಲ್ಲು ಕಟ್ಟಿಸುತ್ತಿದ್ದರಂತೆ. ಅದು ನಿಜವಾಗಿ ಏನು ಎಂದು ಕೇಳಲು ಹೇಳಿದ್ದಾರೆ.

ಕಲ್ಲುಪಾಠ

ಒಂದು ಲಾವಾ ಹರಿದು ಆರಿದ ಮೇಲೆ ಮುಂದಿನದು ಬರುವ ತನಕ ಸಮಯ ಕಳೆದಿರುತ್ತದೆ. ಆ ಬಿಡುವಿನಲ್ಲಿ ಮೇಲ್ಮೈ ಗಾಳಿ, ಮಳೆಗೆ ಸವೆದು ಮಣ್ಣಾಗತೊಡಗುತ್ತದೆ. ಅದರ ಮೇಲೆ ಹೊಸ ಲಾವಾ ಹರಿದಾಗ ಬೆಂದು ಕೆಂಪಾಗುತ್ತದೆ. ಕೆಂಪು ಪದರ ಸಿಕ್ಕಿತೆಂದರೆ ಎರಡು ಲಾವಾಗಳ ನಡುವಿನ ಬಿಡುವು ಸಿಕ್ಕಿತೆಂದು ಅರ್ಥ. ಅದು ಮೆತ್ತಗೆ ಇರುತ್ತದೆ, ಹಾಗಾಗಿ ಕುಸಿಯುತ್ತದೆ. ಕಲ್ಲು ಕಟ್ಟಿಸಿದ ನಿಮ್ಮ ತಂದೆಯವರು ಸರಿಯಾದದ್ದನ್ನೇ ಮಾಡಿದ್ದಾರೆ.

ಇನ್ನು ಪ್ರವಾಸದವರಿಗೆ ಫೋನ್ ಮಾಡಿದಾಗ ಏನು ಕೇಳಬೇಕು ಎಂಬುದು. ನದಿಯ ಹತ್ತಿರ ಎಷ್ಟು ಹೊತ್ತು ಇರುತ್ತೀರಿ ಎಂದು ಮೊದಲು ಕೇಳಿ. ಎರಡು ಗಂಟೆಗಿಂತ ಕಡಿಮೆ ಎಂದರೆ ಬಿಟ್ಟುಬಿಡಿ. ಒಂದೇ ದಿನದಲ್ಲಿ ನಿಘೋಜ್, ರಾಂಜಣಗಾಂವ್ ಗಣಪತಿ, ರಾಳೇಗಣಸಿದ್ಧಿ, ಇನ್ನೂ ಎರಡು ಜಾಗ ಎಂದು ಪಟ್ಟಿ ಕೊಟ್ಟರೆ ವಾಹನದಲ್ಲಿ ಕುಳಿತದ್ದೇ ಬರುತ್ತದೆ. ನೀರು ಬಿಟ್ಟಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿ. "ಏನೂ ಆಗುವುದಿಲ್ಲ" ಎಂಬ ಉತ್ತರ ಬಂದರೆ ಹೋಗಬೇಡಿ. "ಹಿಂದಿನ ದಿನ ವಿಚಾರಿಸಿ ದಿನಾಂಕ ಬದಲಿಸುತ್ತೇವೆ" ಎನ್ನುವವರು ನಂಬಿಕೆಗೆ ಅರ್ಹರು.

ದಾರಿಯ ಬಗ್ಗೆಯೂ ತಿಳಿದಿರಲಿ. ವಾಘೋಲಿಯಲ್ಲಿ ವಾಹನ ಸಿಕ್ಕಿಕೊಂಡಾಗ ಬೇಸರಪಡಬೇಡಿ: ಕ್ಯಾವನ್ಸೈಟ್ ಎಂಬ ಕಡುನೀಲಿ ಖನಿಜದ ಅತ್ಯುತ್ತಮ ಹರಳುಗಳು ಅಲ್ಲಿನ ಕಲ್ಲುಗಣಿಗಳಲ್ಲಿ ಸಿಕ್ಕಿವೆ, ಜಗತ್ತಿನ ವಸ್ತುಸಂಗ್ರಹಾಲಯಗಳು ಅವನ್ನು ಇಟ್ಟುಕೊಂಡಿವೆ. ಬಸಾಲ್ಟಿನ ಗುಳ್ಳೆಗಳಲ್ಲಿ ಬೆಳೆದವೇ ಅವೂ. ಕುಕಡಿಯ ಮೇಲ್ದಂಡೆಯ ಬೋರಿ ಎಂಬ ಊರಿನಲ್ಲಿ, ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿಯ ಬೂದಿಯ ಪದರ ಸಿಕ್ಕಿದೆ. ಅದರ ಜೊತೆಗೆ ಆದಿಮಾನವನ ಕಲ್ಲಿನ ಆಯುಧಗಳೂ ಸಿಕ್ಕಿವೆ. ಒಂದು ಹೊಳೆಯ ದಂಡೆಯಲ್ಲಿ ಇಷ್ಟೆಲ್ಲ ಇರುವಾಗ ಮುಕ್ಕಾಲು ಗಂಟೆಯ ಪ್ರವಾಸ ಮಾಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಡಗಾಂವ್ ಮನೆ

ಗೋವೆಯಲ್ಲಿ ಇಂತಹದ್ದನ್ನು ನೋಡಬೇಕೆನ್ನುವವರು ರಿವಣದ ಹತ್ತಿರ ಉಸಗಾಳಿಮಳಕ್ಕೆ ಹೋಗಿ. ಕುಶಾವತಿ ನದಿಯ ದಡದ ಜಂಬಿಟ್ಟಿಗೆ ಬಂಡೆಯ ಮೇಲೆ ಪ್ರಾಚೀನ ಗೀರುಚಿತ್ರಗಳಿವೆ, ಎತ್ತು, ಜಿಂಕೆ, ಸುತ್ತುಸುತ್ತಿನ ಚಕ್ರವ್ಯೂಹ. ವಿಷಯ ಸ್ವಲ್ಪ ಬೇರೆ, ಆದರೆ ಅಲ್ಲಿಯೂ ಬಲ್ಲವರು ಜೊತೆಗಿಲ್ಲದಿದ್ದರೆ ಕಾಲಡಿಯಲ್ಲಿರುವುದು ಕಾಣುವುದಿಲ್ಲ.

ಪಿಂಪರಿ ಅತ್ತೆ

ಮೊಣಕಾಲಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ ಮಗಳೇ. ನನಗೂ ಅದೇ ನೋವು. ಗುಡಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ದಂಡೆಯ ಬಂಡೆಯ ತನಕ ನಡೆಯಬಹುದು, ದೂರವಿಲ್ಲ. ಕಷ್ಟವಿರುವುದು ನಂತರ. ಬಂಡೆ ಸಮತಟ್ಟಾಗಿಲ್ಲ, ಹೆಜ್ಜೆಹೆಜ್ಜೆಗೂ ಏರುತಗ್ಗು. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು. ಅವ್ವನಿಗೆ ಹಿಡಿತವಿರುವ ಅಡಿಯ ಬೂಟು ಕೊಡಿಸಿ, ಚಪ್ಪಲಿ ಬೇಡವೇ ಬೇಡ. ಒಂದು ಊರುಗೋಲು, ಮಡಚುವ ಸಣ್ಣ ಸ್ಟೂಲು ಇರಲಿ. ಸೀರೆಗಿಂತ ಚೂಡಿದಾರ ಅನುಕೂಲ, ಒಪ್ಪದಿದ್ದರೆ ಸೀರೆಯನ್ನು ಸ್ವಲ್ಪ ಎತ್ತಿ ಉಡಲಿ.

ಚಿಕ್ಕ ಗುಂಪಿನ ನಿಜವಾದ ಉಪಕಾರ ನನಗೆ ತಿಳಿದದ್ದು ಅಲ್ಲಿಯೇ. ನಾನು ದಂಡೆಯ ಮೇಲೆ ಉಳಿದಾಗ ಮಾರ್ಗದರ್ಶಿಯ ಜೊತೆಗೆ ಬಂದಿದ್ದ ಹುಡುಗಿ ನನ್ನ ಹತ್ತಿರವೇ ಕುಳಿತಳು, ಆಚೆ ನೋಡಿದ್ದನ್ನೆಲ್ಲ ಬಂದು ಹೇಳಿದಳು. ದೊಡ್ಡ ಬಸ್ಸಿನಲ್ಲಿ ಬಂದಿದ್ದರೆ ನನ್ನಂತಹವರು ವಾಹನದಲ್ಲಿಯೇ ಕುಳಿತಿರಬೇಕಿತ್ತು. ಶೌಚಾಲಯದ ವ್ಯವಸ್ಥೆಯನ್ನು ಮಾತ್ರ ಮೊದಲೇ ಕೇಳಿಕೊಳ್ಳಿ, ಹೆದ್ದಾರಿಯ ಹೋಟೆಲಿನಲ್ಲಿ ಮುಗಿಸಿಕೊಂಡು ಹೋಗುವುದೇ ಒಳ್ಳೆಯದು. ಮಧ್ಯಾಹ್ನದ ಊಟಕ್ಕೆ ಪಿಠಲ–ಭಾಕರಿ ಸಿಕ್ಕರೆ ಅಪ್ಪ, ಅವ್ವನಿಗೆ ಜುಣಕ–ರೊಟ್ಟಿ ಉಂಡಷ್ಟೇ ತೃಪ್ತಿಯಾಗುತ್ತದೆ.

ಕೊತ್ರೂಡ್‌ವಾಸಿ

ಅತ್ತೆ, ಬಹಳ ಉಪಕಾರವಾಯಿತು. ಸ್ಟೂಲಿನ ವಿಚಾರ ನನಗೆ ಹೊಳೆದಿರಲೇ ಇಲ್ಲ.

ಪ್ರಕಟಣೆ ಕೊಟ್ಟವರಿಗೆ ಫೋನ್ ಮಾಡಿ ಕಲ್ಲುಪಾಠ ಮೇಡಂ ಹೇಳಿದ್ದನ್ನೆಲ್ಲ ಕೇಳಿದೆ. ನದಿಯ ಹತ್ತಿರ ಒಂದು ಗಂಟೆ, ನಂತರ ಮೂರು ಗುಡಿ, ಒಂದು ಅಂಗಡಿ ಎಂದರು. ಬೇಡವೆಂದೆ. ಹಡಪಸರ್ ಅವರು ಹೇಳಿದ ಉಪನ್ಯಾಸಕರನ್ನು ಅವರ ಮೂಲಕವೇ ಸಂಪರ್ಕಿಸಿದೆ. ಜನವರಿಯ ಮೂರನೆಯ ಭಾನುವಾರ ಎಂಟು ಜನರ ಗುಂಪು ಹೊರಡುತ್ತದೆ, ನಮಗೆ ಮೂರು ಜಾಗ ಸಿಕ್ಕಿದೆ. ಹಣ ತಲೆಗೆ ಮುನ್ನೂರು ಹೆಚ್ಚು. ಅಪ್ಪನ ಬಾವಿಯ ಕೆಲಸದ ಬಗ್ಗೆ ಹೇಳಿದಾಗ, "ಹಾಗಾದರೆ ದಾರಿಯಲ್ಲಿ ಅವರು ನನ್ನ ಪಕ್ಕದಲ್ಲಿಯೇ ಕೂರಲಿ, ಕೇಳುವುದು ಬಹಳವಿದೆ" ಎಂದರು. ಅಪ್ಪನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಭಾಷೆಯ ತೊಡಕಿಲ್ಲ.

ಉಳಿದಿರುವ ಒಂದು ಪ್ರಶ್ನೆ: ತಳದ ಉರುಟು ಕಲ್ಲು ಒಂದನ್ನು ಮನೆಗೆ ತರಬಹುದೇ? ಅಪ್ಪ ಕೇಳದೆ ಬಿಡುವುದಿಲ್ಲ.

ಕಲ್ಲುಪಾಠ

ಕುಂಡದೊಳಗಿನದು ಬೇಡ. ಅದು ಇನ್ನೂ ಕೆಲಸದಲ್ಲಿರುವ ಕಲ್ಲು, ಬರುವ ಮಳೆಗಾಲಕ್ಕೆ ಅಲ್ಲಿಯೇ ಇರಬೇಕು. ಕೈಯಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ, ಮತ್ತೆ ಅಲ್ಲಿಯೇ ಇಡಲಿ. ಭೂತಗನ್ನಡಿ ಒಂದನ್ನು ಅಪ್ಪನಿಗಾಗಿ ಖಂಡಿತ ತೆಗೆದುಕೊಂಡು ಹೋಗಿ.

ರಾಂಜಣಗಾಂವ್ ಪಾಳಿ

ಅಕ್ಕ, ಭಾನುವಾರ ನನಗೂ ರಜೆ. ಗುಂಪಿನಲ್ಲಿ ಇನ್ನೊಂದು ಜಾಗ ಉಳಿದಿದ್ದರೆ ನನ್ನ ಹೆಸರು ಕೊಡಿ, ನಾನು ಶಿರೂರಿನಲ್ಲಿ ಹತ್ತುತ್ತೇನೆ. ಶನಿವಾರ ಸಂಜೆ ಪಾಳಿ ಮುಗಿಸಿ ಬೈಕಿನಲ್ಲಿ ಹೊಳೆಯ ತನಕ ಹೋಗಿ ನೀರು ಎಷ್ಟಿದೆ ಎಂದು ನೋಡಿ ಇಲ್ಲಿಯೇ ಬರೆಯುತ್ತೇನೆ. ನೀರು ಬಿಟ್ಟಿದ್ದರೆ ರಾತ್ರಿ ಒಂಬತ್ತರೊಳಗೆ ತಿಳಿಸುತ್ತೇನೆ, ಮೇಷ್ಟ್ರಿಗೂ ಹೇಳಿಡಿ.